ಕಾಗದ ಬಿಟ್ಟುಹೋದದ್ದೇ ಚಿತ್ರ

ಕಪ್ಪು ಬಣ್ಣ ಸವರಿದ ಜೆಲ್ಲಿ ಹಲಗೆಯ ಮೇಲೆ ಹಳೆಯ ಫೋಟೊ ಒಂದರ ಜೆರಾಕ್ಸ್ ಪ್ರತಿಯನ್ನು ಬೋರಲಾಗಿ ಹಾಕಿ, ಅಂಗೈಯಿಂದ ಒಮ್ಮೆ ನೀವಿ ಎತ್ತಿದರೆ ಕೈಗೆ ಬರುವುದು ಬರೀ ಮಸಿ ಮೆತ್ತಿದ ಕಾಗದ. ಮೊದಲ ಸಲ ನೋಡುವವರು ಅದನ್ನೇ ಬೆಳಕಿಗೆ ಹಿಡಿದು, ಚಿತ್ರ ಎಲ್ಲಿ ಮೂಡಿದೆ ಎಂದು ಹುಡುಕುತ್ತಾರೆ. ಅಲ್ಲಿ ಏನೂ ಇರುವುದಿಲ್ಲ. ಇರುವುದೆಲ್ಲ ಕೆಳಗೆ, ಜೆಲ್ಲಿಯ ಮೇಲೆ: ಅಜ್ಜನ ಪೇಟ, ಅಜ್ಜಿಯ ಮೂಗುಬೊಟ್ಟು, ಸ್ಟುಡಿಯೊದವರು ಹಿಂದೆ ಇಳಿಬಿಟ್ಟಿದ್ದ ಪರದೆಯ ಕಾರಂಜಿ. ಬಿಳಿ ಜಾಗದ ಬಣ್ಣವನ್ನು ಕಾಗದ ಹೀರಿ ಎತ್ತಿಕೊಂಡು ಹೋಯಿತು. ಕಪ್ಪು ಜಾಗದ್ದನ್ನು ಹೀರಲಾಗದೆ ಬಿಟ್ಟುಹೋಯಿತು. ಬಿಟ್ಟುಹೋದದ್ದೇ ಚಿತ್ರ.

ಜೆಲ್ ಪ್ಲೇಟ್ ಪ್ರಿಂಟಿಂಗ್ ಎಂದು ಮೊಬೈಲಿನಲ್ಲಿ ಹುಡುಕಿದರೆ ಇಂಥ ವಿಡಿಯೊಗಳು ಸಾಲುಗಟ್ಟಿ ಬರುತ್ತವೆ. ಅಮೆರಿಕದವರ ಹೊಸ ಹವ್ಯಾಸ ಅನ್ನಿಸುತ್ತದೆ. ಒಂದು ಮಟ್ಟಿಗೆ ಅದು ನಿಜವೇ. ಜೆಲ್ಲಿ ಆರ್ಟ್ಸ್ ಎಂಬ ಅಮೆರಿಕದ ಕಂಪನಿ 2011ರಲ್ಲಿ ಹುಟ್ಟಿ, ಕೆಡದೆ ಬಹುಕಾಲ ಬಾಳುವ ಪ್ಲೇಟನ್ನು ಮಾರಲು ಶುರುಮಾಡಿದ ಮೇಲೆ ಇದು ಮನೆಮನೆಯ ಆಟವಾಯಿತು. ಅದಕ್ಕೆ ಮೊದಲು ಜೆಲಟಿನ್ ಕರಗಿಸಿ ಹಲಗೆ ಮಾಡಿಕೊಂಡು ಅಚ್ಚು ತೆಗೆಯುತ್ತಿದ್ದವರು ಹೆಚ್ಚಾಗಿ ಕಲಾವಿದರು, ಕಲಾಶಾಲೆಯ ಮೇಷ್ಟ್ರುಗಳು. ಒಂದೇ ಒಂದು ಪ್ರತಿ ಬರುವ ಅಚ್ಚಿನ ಚಿತ್ರಗಳ ಚರಿತ್ರೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಇಟಲಿಯ ಕಾಸ್ಟಿಲ್ಯೋನೆ 1640ರ ದಶಕದಲ್ಲೇ ತಗಡಿನ ಮೇಲೆ ಮಸಿ ಬಳಿದು, ಒರೆಸಿ ಅಂಥವನ್ನು ಮಾಡಿದ್ದ. ಫ್ರಾನ್ಸಿನ ದೆಗಾ ಒಮ್ಮೆ ಅಚ್ಚೊತ್ತಿದ ಮೇಲೆ ತಗಡಿನಲ್ಲಿ ಉಳಿದ ಮಸುಕು ಬಣ್ಣದಿಂದ ಎರಡನೇ ಪ್ರತಿ ಎತ್ತಿ, ಅದರ ಮೇಲೆ ಪೇಸ್ಟಲ್ ತೀಡುತ್ತಿದ್ದ. ಅವರ ಕಥೆ ಅಲ್ಲಿಗಿರಲಿ. ಕಾಗದಕ್ಕೆ ಬರದೆ ಉಳಿದದ್ದರಿಂದ, ಮಸಿ ತಾಗದೆ ಉಳಿದದ್ದರಿಂದ ರೂಪ ಪಡೆಯುವ ಈ ಉಪಾಯ ಹಾಸನ ಜಿಲ್ಲೆಗೆ ಹೊಸದಲ್ಲ. ನಮ್ಮ ಊರುಗಳ ಶಾಸನಗಳು ಕಲ್ಲಿನಿಂದ ಕಾಗದಕ್ಕೆ ಇಳಿದದ್ದು ಇಂಥದೇ ಉಪಾಯದಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ಸಾಮಾನಿಗಾಗಿ ದೂರ ಹೋಗಬೇಕಿಲ್ಲ. ಬೇಕಾದ ಮುಖ್ಯ ವಸ್ತು ಸಿಗುವುದೇ ಜೆರಾಕ್ಸ್ ಅಂಗಡಿಯಲ್ಲಿ. ಹಾಸನದ ಕೋರ್ಟು, ಜಿಲ್ಲಾಧಿಕಾರಿ ಕಚೇರಿಯ ಆಸುಪಾಸಿನಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ತಾಲ್ಲೂಕು ಕಚೇರಿಯ ಬೀದಿಗಳಲ್ಲಾಗಲಿ ಪಹಣಿ, ಆಧಾರ್, ಜಾತಿ ಪ್ರಮಾಣಪತ್ರದ ಪ್ರತಿ ತೆಗೆಯುವ ಅಂಗಡಿಗಳಿಗೆ ಬರವಿಲ್ಲ. ಅಲ್ಲಿಗೆ ಮನೆಯ ಹಳೇ ಫೋಟೊ ಕೊಂಡೊಯ್ದು, ‘ಅಣ್ಣ, ಕಪ್ಪು-ಬಿಳುಪಲ್ಲಿ ಒಂದು ಕಾಪಿ, ಸ್ವಲ್ಪ ಡಾರ್ಕಾಗಿ’ ಎಂದರೆ ಸಾಕು. ಕಾಗದ ಮಾಮೂಲಿ ಎ4 ಆಗಿದ್ದರೇ ಒಳ್ಳೆಯದು. ಬೆಲೆಬಾಳುವ, ನುಣುಪಾದ ಫೋಟೊ ಕಾಗದ ಈ ಕೆಲಸಕ್ಕೆ ಬಾರದು.

ಜೆರಾಕ್ಸ್ ಪ್ರತಿಯ ಕಪ್ಪು ನಿಜವಾಗಿ ಶಾಯಿಯಲ್ಲ, ಪ್ಲಾಸ್ಟಿಕ್. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ಮೊದಲ ಬಾರಿಗೆ ಸ್ಥಿರ ವಿದ್ಯುತ್ತಿನ ಸೆಳೆತದಿಂದ ಪುಡಿಯನ್ನು ಅಕ್ಷರವಾಗಿಸಿ ತೋರಿಸಿದ. ಇಂದಿನ ಯಂತ್ರಗಳಲ್ಲೂ ಟೋನರ್ ಎಂಬ ಮಸಿ ಬೆರೆತ ಪ್ಲಾಸ್ಟಿಕ್ ಪುಡಿ ಮೊದಲು ಹಾಗೆಯೇ ಕಾಗದಕ್ಕೆ ಕೂರುತ್ತದೆ, ಆಮೇಲೆ ಬಿಸಿ ಉರುಳೆಗಳ ನಡುವೆ ಹಾದು ಕರಗಿ ಅಂಟುತ್ತದೆ. ಪ್ರತಿ ಕೈಗೆ ಬಂದಾಗ ಬೆಚ್ಚಗಿರುವುದು ಅದಕ್ಕೇ. ಹೀಗಾಗಿ ಅಕ್ಷರವಿರುವ ಕಡೆ ಕಾಗದದ ಮೇಲೆ ನೀರು ಹೀರದ ಒಂದು ಪೊರೆ ಇರುತ್ತದೆ, ಇಲ್ಲದ ಕಡೆ ಬರೀ ಕಾಗದ. ನಾವು ಜೆಲ್ಲಿಗೆ ಸವರುವ ಅಕ್ರಿಲಿಕ್ ಬಣ್ಣ ನೀರಿನಲ್ಲಿ ಕಲಸಿದ್ದು. ಬರೀ ಕಾಗದ ಅದನ್ನು ತಟ್ಟನೆ ಕುಡಿಯುತ್ತದೆ, ಟೋನರ್ ಕುಡಿಯುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಪ್ರತಿಯಿಂದ ಈ ಕೆಲಸ ಯಾಕೆ ಆಗುವುದಿಲ್ಲ ಎನ್ನುವುದಕ್ಕೂ ಇದೇ ಉತ್ತರ. ಅದರ ಶಾಯಿ ಕಾಗದದ ಒಳಕ್ಕೇ ಇಳಿದುಬಿಡುತ್ತದೆ. ಕಪ್ಪೂ ಬಿಳುಪೂ ಒಂದೇ ಸಮ ಹೀರುತ್ತವೆ, ಹಲಗೆಯ ಮೇಲೆ ಏನೂ ಉಳಿಯುವುದಿಲ್ಲ.

ವಾರಪತ್ರಿಕೆಗಳ ಹೊಳೆಯುವ ಬಣ್ಣದ ಪುಟಗಳೂ ನಡೆಯುತ್ತವೆ, ಎಲ್ಲವೂ ಅಲ್ಲ. ದಿನಪತ್ರಿಕೆಯ ಒರಟು ಕಾಗದದಿಂದ ಚಿತ್ರ ಮೂಡುವುದು ಕಷ್ಟ, ಅದು ಮಸಿಯನ್ನು ನುಂಗಿಕೊಂಡಿರುತ್ತದೆ. ದಿನಪತ್ರಿಕೆಗೆ ಬೇರೆ ಆಟವಿತ್ತು. ನೋಟ್‌ಬುಕ್ಕಿನ ಹಾಳೆಗೆ ಮೇಣದಬತ್ತಿ ಉಜ್ಜಿ, ಪತ್ರಿಕೆಯಲ್ಲಿ ಬಂದ ಕ್ರಿಕೆಟ್ ಆಟಗಾರನ ಚಿತ್ರವನ್ನು ಬೋರಲಾಗಿಟ್ಟು, ಪೆನ್ನಿನ ಹಿಂಬದಿಯಿಂದ ತಿಕ್ಕಿ ಎತ್ತುತ್ತಿದ್ದ ಹುಡುಗರು ಈಗ ನಲವತ್ತು ದಾಟಿದ್ದಾರೆ. ಅದೂ ಚಿತ್ರ ವರ್ಗಾವಣೆಯೇ. ಅಲ್ಲಿ ಮೇಣ ಮಸಿಯನ್ನು ಎತ್ತಿಕೊಳ್ಳುತ್ತಿತ್ತು, ಇಲ್ಲಿ ಟೋನರ್ ಬಣ್ಣವನ್ನು ಒಲ್ಲೆನ್ನುತ್ತದೆ.

ಕೆಲಸದ ಕ್ರಮ ಹೇಳುವಷ್ಟು ಸುಲಭ, ಮಾಡುವಾಗ ಕೈ ಪಳಗಬೇಕು. ಹಿಂದೆ ಸೀರೆ, ದಿಂಬಿನ ಕವರಿಗೆ ಹೂಬಳ್ಳಿ ಬರೆಯಲು ತಂದಿಟ್ಟ ಫೆವಿಕ್ರಿಲ್ ಬಾಟಲಿಗಳು ಮನೆಯ ಯಾವುದೋ ಡಬ್ಬಿಯಲ್ಲಿ ಇದ್ದೇ ಇರುತ್ತವೆ. ಅವೂ ಅಕ್ರಿಲಿಕ್ಕೇ, ಒಣಗಿಲ್ಲದಿದ್ದರೆ ಬಳಸಬಹುದು. ಇಲ್ಲವಾದರೆ ಪುಸ್ತಕದಂಗಡಿಯಲ್ಲಿ ಸಿಗುವ ವಿದ್ಯಾರ್ಥಿಗಳ ಅಕ್ರಿಲಿಕ್ ಟ್ಯೂಬು. ಹಲಗೆಯ ಮೇಲೆ ಕಪ್ಪು ಬಣ್ಣದ ಎರಡು-ಮೂರು ಬೊಟ್ಟು ಇಟ್ಟು ರಬ್ಬರ್ ರೋಲರಿನಿಂದ ಹರಡಬೇಕು. ಮೊದಮೊದಲು ರೋಲರ್ ಪಿಚಪಿಚ ಎನ್ನುತ್ತದೆ, ಬಣ್ಣ ತೆಳುವಾಗುತ್ತ ಬಂದಂತೆ ಸದ್ದು ಸಣ್ಣಗಾಗಿ ಬರೀ ಸರಸರ ಕೇಳುತ್ತದೆ. ಆಗ ನಿಲ್ಲಿಸಬೇಕು. ರೋಲರಿಗೆ ಅಂಟಿದ ಹೆಚ್ಚಿನ ಬಣ್ಣವನ್ನು ರದ್ದಿ ಕಾಗದದ ಮೇಲೆ ಉರುಳಿಸಿ ತೆಗೆಯಿರಿ. ಆ ರದ್ದಿ ಕಾಗದವೇ ಎಷ್ಟೋ ಸಲ ಮಾಡಿದ ಚಿತ್ರಕ್ಕಿಂತ ಚೆನ್ನಾಗಿರುತ್ತದೆ, ಎಸೆಯಬೇಡಿ.

ಈಗ ಜೆರಾಕ್ಸ್ ಪ್ರತಿಯನ್ನು ಬೋರಲಾಗಿ ಹಾಕಿ, ಅಂಗೈಯಿಂದ ಮೆತ್ತಗೆ, ಎಲ್ಲ ಕಡೆ ಸಮನಾಗಿ ನೀವಿ ಕೂಡಲೇ ಎತ್ತಬೇಕು. ಐದಾರು ಸೆಕೆಂಡಿನ ಮಾತು. ಜೋರಾಗಿ ಒತ್ತಿದರೆ ಟೋನರಿನ ಕೆಳಗಿನ ಬಣ್ಣವೂ ಹಿಂಡಿ ಪಕ್ಕಕ್ಕೆ ಹೋಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಕಾಗದ ಹಲಗೆಗೇ ಕಚ್ಚಿಕೊಳ್ಳುತ್ತದೆ. ಬಣ್ಣ ದಪ್ಪವಾಗಿದ್ದರೆ ಮುಖ ಮುಚ್ಚಿಹೋಗುತ್ತದೆ, ತೀರಾ ತೆಳುವಾಗಿದ್ದರೆ ಕಾಗದ ಬರುವ ಮುಂಚೆಯೇ ಒಣಗಿ ಕೂರುತ್ತದೆ. ಹಲಗೆಯ ಮೇಲೆ ಉಳಿದ ಕಪ್ಪು ಚಿತ್ರವನ್ನು ಚೆನ್ನಾಗಿ ಒಣಗಲು ಬಿಡಿ. ಒಣಗಿದ ಮೇಲೆ ಅದರ ಮೇಲೆಲ್ಲ ಬಿಳಿಯನ್ನೋ ಕಾವಿಯನ್ನೋ ತೆಳುವಾಗಿ ಹರಡಿ, ಡ್ರಾಯಿಂಗ್ ಹಾಳೆ ಹಾಕಿ ಒತ್ತಿ, ಮೇಲೆ ಎರಡು ದಪ್ಪ ಪುಸ್ತಕ ಹೇರಿ ಕಾಯಬೇಕು. ಹೊಸ ಬಣ್ಣ ಒಣಗುತ್ತ ಹಳೆಯದನ್ನು ಹಿಡಿದುಕೊಳ್ಳುತ್ತದೆ. ಹಾಳೆಯ ಒಂದು ಮೂಲೆ ಹಿಡಿದು ನಿಧಾನವಾಗಿ ಎಳೆದರೆ ಕಾವಿ ನೆಲದ ಮೇಲೆ ಅಜ್ಜ-ಅಜ್ಜಿ ಎದ್ದು ಬರುತ್ತಾರೆ. ಕಣ್ಣು, ಗಲ್ಲದ ಗೆರೆ, ಜರಿ ಅಂಚು ಬರುತ್ತವೆ. ನಡುನಡುವೆ ತುಣುಕು ತುಣುಕು ಇರುವುದಿಲ್ಲ. ಆ ಇಲ್ಲದಿರುವಿಕೆಯನ್ನು ಸರಿಪಡಿಸಲು ಬ್ರಷ್ ಹಿಡಿದವರ ಚಿತ್ರಗಳು ಯಾಕೋ ನನಗೆ ಹಿಡಿಸಿಲ್ಲ. ಪೂರ್ತಿ ಸ್ಪಷ್ಟವಾದ ಪ್ರತಿಯೇ ಬೇಕಾಗಿದ್ದರೆ ಜೆರಾಕ್ಸ್ ಅಂಗಡಿಯಲ್ಲೇ ಕೆಲಸ ಮುಗಿದಿತ್ತಲ್ಲ.

ಒಂದು ಕಡೆ ಮಸಿ ಹಿಡಿಯುವುದು, ಇನ್ನೊಂದು ಕಡೆ ಬಿಡುವುದು ಎನ್ನುವ ಈ ಭೇದದ ಮೇಲೆಯೇ ಕನ್ನಡದ ಪತ್ರಿಕೋದ್ಯಮ ಕಣ್ಣು ಬಿಟ್ಟದ್ದು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾದ ಪತ್ರಿಕೆ. ಕಲ್ಲಚ್ಚನ್ನು ಕಂಡುಹಿಡಿದವನು ಜರ್ಮನಿಯ ಸೆನೆಫೆಲ್ಡರ್, 18ನೇ ಶತಮಾನದ ಕೊನೆಯ ವರ್ಷಗಳಲ್ಲಿ. ಸುಣ್ಣಕಲ್ಲಿನ ನುಣುಪು ಹಲಗೆಯ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿದರೆ ಜಿಡ್ಡಿದ್ದ ಕಡೆ ನೀರು ನಿಲ್ಲುವುದಿಲ್ಲ. ಆಮೇಲೆ ಎಣ್ಣೆಮಸಿ ಉರುಳಿಸಿದರೆ ನೀರಿದ್ದ ಕಡೆ ಮಸಿ ನಿಲ್ಲುವುದಿಲ್ಲ. ರವಿವರ್ಮನ ಲಕ್ಷ್ಮಿ, ಸರಸ್ವತಿಯರು ನಮ್ಮ ಹಿರಿಯರ ಗೋಡೆಗಳಿಗೆ ಬಂದದ್ದೂ ಹೀಗೆ ಕಲ್ಲಿನಿಂದ ಎದ್ದೇ. ಅವನ ಮುದ್ರಣಾಲಯ ಮುಂಬೈಯಲ್ಲಿ ಶುರುವಾದದ್ದು 1894ರಲ್ಲಿ. ಜೆಲ್ಲಿ ಹಲಗೆಯ ಮೇಲೆ ನಾವು ಮಾಡುವುದು ಅದರ ತಲೆಕೆಳಗಾದ ಆಟ. ಅಲ್ಲಿ ಚಿತ್ರಕ್ಕೆ ಮಸಿ ಹತ್ತುತ್ತಿತ್ತು, ಇಲ್ಲಿ ಚಿತ್ರವನ್ನು ಬಿಟ್ಟು ಮಿಕ್ಕದ್ದೆಲ್ಲ ಎದ್ದು ಹೋಗುತ್ತದೆ.

ಈಗ ಶಾಸನಕ್ಕೆ ಬರೋಣ. ಶ್ರವಣಬೆಳಗೊಳ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಊರು. ಗೊಮ್ಮಟನನ್ನು ನೋಡಲು ದೊಡ್ಡಬೆಟ್ಟ ಹತ್ತುವವರಲ್ಲಿ ಎದುರಿನ ಚಿಕ್ಕಬೆಟ್ಟಕ್ಕೂ ಹೋಗುವವರು ಕಡಿಮೆ. ಅಲ್ಲಿ ಎಷ್ಟೋ ಕಡೆ ಶಾಸನಕ್ಕೆಂದು ಚಪ್ಪಡಿ ಕಡೆದು ನಿಲ್ಲಿಸುವ ಗೋಜಿಗೆ ಹೋಗದೆ ಬಂಡೆಯ ಮೈಮೇಲೆಯೇ ಅಕ್ಷರ ಕೊರೆದಿದ್ದಾರೆ. ಸಾವಿರದ ಮುನ್ನೂರು, ಸಾವಿರದ ನಾನೂರು ವರ್ಷಗಳ ಬಿಸಿಲು ಮಳೆ ತಿಂದ ಅಕ್ಷರಗಳವು. ನಡುಮಧ್ಯಾಹ್ನ ನೋಡಿದರೆ ಬರೀ ಬಂಡೆ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಅಷ್ಟಿಷ್ಟು ಕಾಣುತ್ತವೆ. ಶಾಸನ ಓದುವವರು ಹಾಗೆ ಬಿಸಿಲಿಗೆ ಕಾಯುತ್ತ ಕೂರಲಾಗುವುದಿಲ್ಲ. ಅವರು ಪಡಿಯಚ್ಚು ತೆಗೆದುಕೊಂಡು ಹೋಗಿ, ಮೇಜಿನ ಮೇಲೆ ಹರಡಿಕೊಂಡು ಓದುತ್ತಾರೆ.

ಪಡಿಯಚ್ಚು ತೆಗೆಯುವುದನ್ನು ನೋಡಿದವರಿಗೆ ಜೆಲ್ಲಿ ಹಲಗೆ ಹೊಸದೆನ್ನಿಸದು. ಮೊದಲು ಕಲ್ಲನ್ನು ಉಜ್ಜಿ ತೊಳೆದು ಪಾಚಿ, ಮಣ್ಣು ತೆಗೆಯುತ್ತಾರೆ. ನೀರು ಹೀರುವಂಥ ಕಾಗದವನ್ನು ಒದ್ದೆ ಮಾಡಿ ಕಲ್ಲಿಗೆ ಹಾಸುತ್ತಾರೆ. ಗಟ್ಟಿ ಕೂದಲಿನ ಬ್ರಷ್ಷಿನಿಂದ ಕಾಗದದ ಮೇಲೆ ತಟ್ಟುತ್ತ ಹೋದರೆ ಅದು ಕೊರೆದ ಗೆರೆಗಳ ಒಳಕ್ಕೆ ಇಳಿದು ಕೂರುತ್ತದೆ. ಕಾಗದ ಅರೆಬರೆ ಒಣಗಿದ ಮೇಲೆ ಬಟ್ಟೆಯ ಉಂಡೆಯನ್ನು ಮಸಿಯಲ್ಲಿ ಒತ್ತಿ, ಮೇಲೆಮೇಲೆ ಮೆತ್ತಗೆ ಬಡಿಯುತ್ತಾರೆ. ಕಲ್ಲಿನ ಮಟ್ಟದಲ್ಲಿರುವ ಕಾಗದಕ್ಕೆ ಮಸಿ ಹತ್ತುತ್ತದೆ. ಗೆರೆಯೊಳಗೆ ಇಳಿದ ಕಾಗದವನ್ನು ಉಂಡೆ ಮುಟ್ಟುವುದೇ ಇಲ್ಲ. ಬಿಡಿಸಿ ತೆಗೆದರೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ. ಪುಸ್ತಕಗಳಲ್ಲಿ ಶಾಸನದ್ದೆಂದು ನಾವು ನೋಡುವ ಕಪ್ಪು-ಬಿಳಿ ಚಿತ್ರ ಎಷ್ಟೋ ಸಲ ಕಲ್ಲಿನ ಫೋಟೊ ಅಲ್ಲ, ಇಂಥ ಕಾಗದದ್ದು. ಓದಲು ಸಿಗುವುದು ಮಸಿ ತಾಗದ ಭಾಗವೇ.

ಇದರ ಫಲ ಎಷ್ಟೆಂದರೆ, ಬಿ.ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ ಶಾಸನ ಸಂಪುಟ ಹೊರತಂದಾಗ ಅದರಲ್ಲಿದ್ದದ್ದು 144 ಶಾಸನ. ‘ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು ಮತ್ತೆ ಬೆಟ್ಟ ಜಾಲಾಡಿ 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳ ಮಿಕ್ಕ ಶಾಸನಗಳಿಗೆ ರೈಸ್ ಬೇರೆಯೇ ಸಂಪುಟ ಮಾಡಿದರು. ಅದು 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಆ ಪ್ರೆಸ್ಸಿನ ಹೆಸರು ಇನ್ನೊಮ್ಮೆ ಬರಲಿದೆ.

ಇದನ್ನು ಓದಿ ಯಾರೂ ಕಾಗದ, ಮಸಿ ಹಿಡಿದು ದೇವಸ್ಥಾನದ ಶಾಸನಗಳ ಮೇಲೆ ಬೀಳಬಾರದು. ರಕ್ಷಿತ ಸ್ಮಾರಕಗಳಲ್ಲಿ ಅದು ಪುರಾತತ್ವ ಇಲಾಖೆಯ, ಪಳಗಿದವರ ಕೆಲಸ. ಮನೆಯೊಳಗೇ ಶಾಸನಗಳಿವೆ. ಸ್ಟೀಲು, ಹಿತ್ತಾಳೆ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರುಗಳನ್ನು ನೋಡಿ: ಕೊಟ್ಟವರ ಹೆಸರು, ಗೃಹಪ್ರವೇಶವೋ ಸೀಮಂತವೋ ಎಂಬ ಸಂದರ್ಭ, ತಾರೀಕು. ದಾನಶಾಸನಕ್ಕೆ ಬೇಕಾದ್ದೆಲ್ಲ ಅದರಲ್ಲಿದೆ, ಶಾಪಾಶಯ ಒಂದನ್ನು ಬಿಟ್ಟು. ತೆಳು ಕಾಗದ ಹಾಸಿ ಮೆತ್ತನೆಯ ಪೆನ್ಸಿಲನ್ನು ಅಡ್ಡಹಿಡಿದು ಉಜ್ಜಿದರೆ ಬಿಳಿ ಚುಕ್ಕಿಗಳಲ್ಲಿ ಹೆಸರು ಮೂಡುತ್ತದೆ. ಅದನ್ನು ಜೆರಾಕ್ಸ್ ಮಾಡಿಸಿ ಜೆಲ್ಲಿಗೆ ವರ್ಗಾಯಿಸಬಹುದು. ಬೀರುವಿನಲ್ಲಿ ಮಲಗಿದ ಲೋಟ, ತಂಬಿಗೆಗಳಿಂದ ಒಂದು ಮನೆತನದ ನಂಟಸ್ತಿಕೆಯ ಪಟ್ಟಿ ಹೀಗೆ ತಯಾರಾಗುತ್ತದೆ. ನನ್ನ ಮಟ್ಟಿಗೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ರುಚಿಕಟ್ಟಾದ ಕೆಲಸ ಇದು.

ಹಲಗೆಯ ವಿಷಯ. ಅಂಗಡಿಯ ಪ್ಲೇಟ್ ಖನಿಜ ತೈಲ ಮತ್ತು ರಬ್ಬರಿನಂಥ ಪಾಲಿಮರಿನಿಂದ ಮಾಡಿದ್ದು, ಅದರಲ್ಲಿ ಪ್ರಾಣಿಜನ್ಯ ವಸ್ತು ಇಲ್ಲ. ಆನ್‌ಲೈನಿನಲ್ಲಿ ತರಿಸಬಹುದು, ಅಗ್ಗವಲ್ಲ. ಮನೆಯಲ್ಲೇ ಮಾಡುವುದಾದರೆ ಬೇಕರಿ ಸಾಮಾನಿನ ಅಂಗಡಿಯಿಂದ ಜೆಲಟಿನ್ ಪುಡಿ, ಔಷಧಿ ಅಂಗಡಿಯಿಂದ ಗ್ಲಿಸರಿನ್ ತರಬೇಕು. ಅಂಗೈ ಅಗಲಕ್ಕಿಂತ ತುಸು ದೊಡ್ಡ ಹಲಗೆಗೆ ಮೂರು ದೊಡ್ಡ ಚಮಚ ಜೆಲಟಿನ್, ಸುಮಾರು 90 ಮಿಲಿಲೀಟರ್ ಗ್ಲಿಸರಿನ್, ಅಷ್ಟೇ ಕುದಿನೀರು ಸಾಕು. ಅರ್ಧ ಗ್ಲಿಸರಿನ್‌ನಲ್ಲಿ ಪುಡಿಯನ್ನು ಗಂಟಿಲ್ಲದಂತೆ ಕಲಸಿ, ಕುದಿನೀರು ಹೊಯ್ದು ನಿಧಾನವಾಗಿ ತಿರುವಿ, ಉಳಿದರ್ಧ ಗ್ಲಿಸರಿನ್ ಸೇರಿಸಬೇಕು. ರಭಸದಿಂದ ತಿರುವಿದರೆ ಗುಳ್ಳೆ ಏಳುತ್ತದೆ, ಒಂದೊಂದು ಗುಳ್ಳೆಯೂ ಆಮೇಲೆ ಚಿತ್ರದಲ್ಲಿ ಒಂದೊಂದು ಚುಕ್ಕಿ. ಚಪ್ಪಟೆ ತಳದ ಡಬ್ಬಿಗೆ ಸುರಿದ ಮೇಲೆ ಪತ್ರಿಕೆಯ ಪಟ್ಟಿಯೊಂದನ್ನು ಮೇಲ್ಮೈಯಲ್ಲಿ ಎಳೆದರೆ ಗುಳ್ಳೆಗಳು ಅದಕ್ಕೆ ಅಂಟಿ ಬರುತ್ತವೆ. ಮಟ್ಟವಾದ ಜಾಗದಲ್ಲಿ ರಾತ್ರಿಯಿಡೀ ಅಲುಗಾಡಿಸದೆ ಬಿಟ್ಟರೆ ಬೆಳಿಗ್ಗೆ ಹಾಲುಬಾಯಿಯ ಹಾಗೆ, ಅದಕ್ಕಿಂತ ಗಟ್ಟಿಯಾಗಿ ಎದ್ದು ಬರುತ್ತದೆ. ಗ್ಲಿಸರಿನ್ ಹಾಕದೆ ಬರೀ ನೀರಿನಲ್ಲೂ ಮಾಡಬಹುದು, ಆದರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ.

ಜೆಲಟಿನ್ ಎಲ್ಲಿಂದ ಬರುತ್ತದೆ ಎಂದು ಗೊತ್ತಾದರೆ ನಮ್ಮ ಎಷ್ಟೋ ಅಡುಗೆಮನೆಗಳಲ್ಲಿ ಈ ಪ್ರಯೋಗ ಅಲ್ಲಿಗೇ ನಿಲ್ಲುತ್ತದೆ. ಅದು ದನ, ಹಂದಿಗಳ ಮೂಳೆ-ಚರ್ಮದಿಂದ ತೆಗೆದದ್ದು. ದಿನಸಿ ಅಂಗಡಿಯ ಚೈನಾ ಗ್ರಾಸ್, ಅಂದರೆ ಕಡಲಪಾಚಿಯಿಂದ ಮಾಡಿದ ಅಗರ್ ಬಳಸಬಹುದೇ ಎಂದು ಕೇಳುವವರುಂಟು. ಹೆಪ್ಪುಗಟ್ಟುತ್ತದೆ, ಬಣ್ಣವನ್ನೂ ಹಿಡಿಯುತ್ತದೆ. ಆದರೆ ಬಾಗುವ ಗುಣವಿಲ್ಲ, ನಾಲ್ಕಾರು ಸಲ ಒತ್ತುವಷ್ಟರಲ್ಲಿ ಬಿರುಕು ಬಿಡುತ್ತದೆ. ಮಕ್ಕಳ ಒಂದು ಮಧ್ಯಾಹ್ನಕ್ಕೆ ಅಡ್ಡಿಯಿಲ್ಲ. ಬಹುಕಾಲ ಬಾಳುವ, ಸಸ್ಯಾಹಾರಿಗಳಿಗೂ ಒಪ್ಪುವ ಹಲಗೆ ಬೇಕಾದರೆ ಕೊಂಡ ಪ್ಲೇಟೇ ಗತಿ. ಹಾಗೆ ನೋಡಿದರೆ ಜೆಲಟಿನ್ ನಮ್ಮ ನಡುಮನೆಗಳಲ್ಲಿ ಯಾವತ್ತೋ ಬಂದು ಕೂತಿದೆ. 1871ರಲ್ಲಿ ಇಂಗ್ಲೆಂಡಿನ ವೈದ್ಯ ಮ್ಯಾಡಕ್ಸ್ ಬೆಳ್ಳಿಯ ಲವಣವನ್ನು ಜೆಲಟಿನ್‌ನಲ್ಲಿ ಕಲಸಿ ಗಾಜಿಗೆ ಬಳಿಯುವ ದಾರಿ ತೋರಿಸಿದ. ಆಮೇಲೆ ಬಂದ ಫಿಲ್ಮು, ಸ್ಟುಡಿಯೊಗಳ ಕಪ್ಪು-ಬಿಳುಪು ಫೋಟೊ ಎಲ್ಲಕ್ಕೂ ಅದೇ ಆಧಾರ. ಹಾರ ಹಾಕಿ ತೂಗುಹಾಕಿದ ಮಡಿವಂತ ಮುತ್ತಜ್ಜನ ಮುಖವನ್ನು ಕಾಗದಕ್ಕೆ ಹಿಡಿದಿಟ್ಟಿರುವುದೂ ಜೆಲಟಿನ್ನೇ. ಇದನ್ನು ಮನೆಯ ಹಿರಿಯರಿಗೆ ಹೇಳಬೇಕೋ ಬೇಡವೋ ನೀವೇ ನೋಡಿಕೊಳ್ಳಿ.

ಜೆಲಟಿನ್-ಗ್ಲಿಸರಿನ್ ಜೋಡಿ ಸರಕಾರಿ ಕೆಲಸವನ್ನೂ ಮಾಡಿದೆ. 19ನೇ ಶತಮಾನದ ಕೊನೆಗೆ ಬಂದ ಹೆಕ್ಟೋಗ್ರಾಫ್ ಎಂಬ ಪ್ರತಿ ತೆಗೆಯುವ ಉಪಕರಣ ಇದೇ ಜೆಲ್ಲಿ ತುಂಬಿದ ತಟ್ಟೆ. ನೇರಳೆ ಬಣ್ಣದ ಅನಿಲಿನ್ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಬೋರಲಾಗಿಟ್ಟರೆ ಶಾಯಿ ಜೆಲ್ಲಿಗೆ ಇಳಿಯುತ್ತಿತ್ತು. ಆಮೇಲೆ ಒಂದರ ಹಿಂದೊಂದು ಖಾಲಿ ಹಾಳೆ ಒತ್ತಿ ಹತ್ತಾರು ಪ್ರತಿ ಎತ್ತಬಹುದಿತ್ತು, ಒಂದಕ್ಕಿಂತ ಒಂದು ಮಸುಕಾಗಿ. ಸುತ್ತೋಲೆ, ಪ್ರಶ್ನೆಪತ್ರಿಕೆ, ಗುಟ್ಟಾಗಿ ಹಂಚುವ ಕರಪತ್ರ ಎಲ್ಲಕ್ಕೂ ಜಗತ್ತಿನಲ್ಲೆಲ್ಲ ಬಳಕೆಯಾಯಿತು. ನಮ್ಮ ಹಳಬರಿಗೆ ನೆನಪಿರುವುದು ಅದಲ್ಲ, ಸೈಕ್ಲೋಸ್ಟೈಲ್. ಹೆಕ್ಟೋಗ್ರಾಫಿನ ಆ ನೇರಳೆ ಮಾತ್ರ ಇನ್ನೂ ಸತ್ತಿಲ್ಲ. ಟ್ಯಾಟೂ ಹಾಕುವವರು ಚುಚ್ಚುವ ಮೊದಲು ತೋಳಿನ ಮೇಲೆ ಅಂಟಿಸಿ ತೆಗೆಯುವ ನೇರಳೆ ಗೆರೆಯ ಕಾಗದ ಅದರದೇ ಮೊಮ್ಮಗ.

ಹವೆಯ ಮಾತು ಹೇಳದಿದ್ದರೆ ಮೇಲಿನ ಸೂಚನೆಗಳೆಲ್ಲ ಅರ್ಧ. ವಿಡಿಯೊಗಳಲ್ಲಿ ಹೇಳುವ ಹತ್ತು ನಿಮಿಷ, ಹದಿನೈದು ನಿಮಿಷ ಅವರ ಊರಿನ ಲೆಕ್ಕ. ಹಾಸನ 900 ಮೀಟರಿಗೂ ಮೇಲಿರುವ, ಬಡವರ ಊಟಿ ಎನ್ನಿಸಿಕೊಂಡ ಊರು. ಜಿಲ್ಲೆಯ ಪಡುವಣ ಅಂಚು ಮಲೆನಾಡು, ಮೂಡಣ ಅಂಚು ತೆಂಗು-ರಾಗಿಯ ಬಯಲು. ಜುಲೈ ತಿಂಗಳ ಜಡಿಮಳೆಯಲ್ಲಿ ಅರಕಲಗೂಡಿನ ಮನೆಯೊಂದರಲ್ಲಿ ಸವರಿದ ಬಣ್ಣ ಬಹಳ ಹೊತ್ತು ಹಸಿಯಾಗಿಯೇ ಇರುತ್ತದೆ. ಚಿತ್ರ ಎತ್ತಲು ಅದು ಅನುಕೂಲ, ಎರಡನೇ ಪದರ ಒಣಗಬೇಕಾದಾಗ ಅನನುಕೂಲ. ಕಾದೂ ಕಾದೂ ಸಾಕಾಗಿ ಬೇಗ ಎಳೆದರೆ ಅರ್ಧ ಮುಖ ಹಲಗೆಯಲ್ಲೇ ಉಳಿಯುತ್ತದೆ. ಏಪ್ರಿಲ್‌ನ ಚನ್ನರಾಯಪಟ್ಟಣದಲ್ಲಿ ಉಲ್ಟಾ. ಫ್ಯಾನ್ ಹಾಕಿಕೊಂಡು ಕೂತರೆ ರೋಲರ್ ಕೆಳಗಿಡುವಷ್ಟರಲ್ಲಿ ಬಣ್ಣ ಒಣಗಿರುತ್ತದೆ. ಅಲ್ಲಿ ಫ್ಯಾನ್ ಆರಿಸಿ, ಬೆಳಗಿನ ಹೊತ್ತು, ಒಮ್ಮೆಗೆ ಸಣ್ಣ ಚಿತ್ರ ಮಾಡುವುದು ಜಾಣತನ. ಮನೆಯಲ್ಲಿ ಮಾಡಿದ ಹಲಗೆಗೂ ಬೇಸಿಗೆ ಆಗದು. ಜೆಲಟಿನ್ ಕರಗಲು ಸುಮಾರು 35 ಡಿಗ್ರಿ ಸಾಕು, ಕಿಟಕಿಯ ಬಿಸಿಲಿನಲ್ಲಿ ಬಿಟ್ಟರೆ ಮೆತ್ತಗಾಗಿ ಅಂಚು ಇಳಿಯುತ್ತದೆ.

ಫೋಟೊ ಬೇಡವೆನ್ನುವವರಿಗೆ ಎಲೆಗಳಿವೆ. ಬಣ್ಣ ಸವರಿದ ಹಲಗೆಯ ಮೇಲೆ ಎಲೆಯನ್ನು ನರಗಳಿರುವ ಬೆನ್ನು ಕೆಳಗಾಗಿ ಇಟ್ಟು, ಕಾಗದ ಹಾಕಿ ಒತ್ತಿ ತೆಗೆದರೆ ಮೊದಲ ಪ್ರತಿಯಲ್ಲಿ ಎಲೆಯ ಬಿಳಿ ಆಕಾರ ಮಾತ್ರ ಬರುತ್ತದೆ. ಹೊಸಬರು ಅದನ್ನೇ ಹಿಡಿದು ಸಂತೋಷಪಟ್ಟು ಹಲಗೆ ಒರೆಸಲು ಹೋಗುತ್ತಾರೆ. ಒರೆಸಬಾರದು. ಎಲೆಯನ್ನು ಮೆಲ್ಲಗೆ ಎತ್ತಿ ಎರಡನೇ ಕಾಗದ ಹಾಕಿದರೆ ಎಲೆಯ ಒಂದೊಂದು ನರವೂ ಅದರಲ್ಲಿ ಬರುತ್ತದೆ. ಸೀಬೆ, ಅರಳಿ, ದಾಸವಾಳ ಚೆನ್ನಾಗಿ ಮೂಡುತ್ತವೆ. ಕಾಫಿ ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕಿನ ಎಲೆ ಸೀಳುಸೀಳಾಗಿ ಬಲು ಸೊಗಸು. ನುಗ್ಗೆ, ಕೊತ್ತಂಬರಿ ಸೊಪ್ಪುಗಳನ್ನು ಅಡುಗೆಯವರನ್ನು ಕೇಳಿ ತೆಗೆದುಕೊಳ್ಳಿ. ಎಲ್ಲ ಕಡೆ ಪುಕ್ಕಟೆ ಸಿಗುವ ಕಾಂಗ್ರೆಸ್ ಗಿಡದ ಎಲೆ ಅಚ್ಚಿಗೆ ಹೇಳಿ ಮಾಡಿಸಿದ ಹಾಗಿದ್ದರೂ ಮುಟ್ಟಬೇಡಿ, ತುರಿಕೆಯ ಗಿಡ ಅದು. ಅರಕಲಗೂಡು ಸೀಮೆಯ ಹಸಿ ಹೊಗೆಸೊಪ್ಪೂ ಬೇಡ. ಅದರ ಅಂಟು ಕೈಯನ್ನೂ ಬಿಡದು, ಹಲಗೆಯನ್ನೂ ಬಿಡದು. ಸಂತೆಯಲ್ಲಿ ಸಿಗುವ, ತೂತು ತೂತಿನ ರಂಗೋಲಿ ಅಚ್ಚಿನ ತಟ್ಟೆ, ಗೋಣಿಚೀಲದ ತುಂಡು, ಹಾಸನದ ಹೆಸರು ಹೊತ್ತ ಆಲೂಗಡ್ಡೆಯಲ್ಲಿ ಕೊರೆದ ಅಚ್ಚು ಎಲ್ಲವೂ ಈ ಹಲಗೆಗೆ ಒಗ್ಗುತ್ತವೆ.

ಎಲೆಯಿಂದಲೇ ಪುಸ್ತಕ ಮಾಡಿದವರೂ ನಮ್ಮಲ್ಲೇ ಇದ್ದರು. ಬಾಸೆಲ್ ಮಿಷನ್ನಿನ ಜೆ. ಹುನ್ಸಿಕರ್ 1862ರಲ್ಲಿ ‘ನೇಚರ್ಸ್ ಸೆಲ್ಫ್‌ಪ್ರಿಂಟಿಂಗ್’ ಎಂಬ ಹೆಸರಿನಲ್ಲಿ ದಕ್ಷಿಣ ಭಾರತದ ಉಪಯುಕ್ತ ಗಿಡಗಳ, ಅಂದದ ಗಿಡಗಳ ಅಚ್ಚುಗಳನ್ನು ಹೊರತಂದ. ಚಿತ್ರಕಾರ ನೋಡಿ ಬರೆದ ಚಿತ್ರಗಳಲ್ಲ ಅವು, ಹಸಿ ಗಿಡಗಳಿಂದಲೇ ನೇರವಾಗಿ ಎತ್ತಿ, ಆಮೇಲೆ ಅವುಗಳದೇ ಬಣ್ಣ ತುಂಬಿದವು. ಅಚ್ಚಾದದ್ದು ಮಂಗಳೂರಿನ ಅದೇ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಗಿಡ ತನ್ನನ್ನು ತಾನೇ ಒತ್ತಿಕೊಂಡ ಪುಸ್ತಕ ಬಂದು 40 ವರ್ಷಕ್ಕೆ, ಹಾಸನದ ಕಲ್ಲುಗಳ ಪಾಠ ಅಲ್ಲಿಗೇ ಅಚ್ಚಾಗಲು ಹೋಯಿತು.

ಅಕ್ಷರ ಸೇರಿಸುವ ಆಸೆಯಿದ್ದರೆ ಕನ್ನಡಿಯ ಲೆಕ್ಕ ತಿಳಿದಿರಬೇಕು. ಜೆರಾಕ್ಸ್ ಪ್ರತಿಯನ್ನು ಬೋರಲಾಗಿ ಹಾಕಿದಾಗ ಹಲಗೆಯ ಮೇಲೆ ಅಕ್ಷರ ಉಲ್ಟಾ ಉಳಿಯುತ್ತದೆ. ಅಲ್ಲಿಂದ ಕಾಗದಕ್ಕೆ ಬರುವಾಗ ಇನ್ನೊಮ್ಮೆ ಉಲ್ಟಾ ಆಗಿ ನೇರವಾಗುತ್ತದೆ. ಹೀಗಾಗಿ ಜೆಲ್ಲಿಯ ದಾರಿಯಲ್ಲಿ ಮದುವೆ ಕಾಗದವನ್ನೋ ಅಪ್ಪನ ಕೈಬರಹವನ್ನೋ ಇದ್ದ ಹಾಗೆಯೇ ವರ್ಗಾಯಿಸಬಹುದು. ಹಲಗೆಯಿಲ್ಲದೆ ಮಾಡುವ ಇನ್ನೊಂದು ದಾರಿಯೂ ಇದೆ. ಜೆರಾಕ್ಸ್ ಪ್ರತಿಯನ್ನು ಫೆವಿಕಾಲ್ ಬಳಿದ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಮರುದಿನ ಒದ್ದೆ ಮಾಡಿ ಬೆರಳಿನಿಂದ ಕಾಗದವನ್ನು ಉಜ್ಜಿ ಉಜ್ಜಿ ತೆಗೆಯುವುದು. ಅಲ್ಲಿ ಬರೀ ಟೋನರ್ ಉಳಿಯುತ್ತದೆ, ಅಕ್ಷರ ಉಲ್ಟಾ ಆಗಿಯೇ ಬರುತ್ತದೆ. ಕನ್ನಡದಲ್ಲಿ ಸೊನ್ನೆ ಬಿಟ್ಟರೆ ಕನ್ನಡಿಯಲ್ಲೂ ಹಾಗೆಯೇ ಕಾಣುವ ಅಕ್ಷರ ಸಿಗುವುದು ಕಷ್ಟ, ಉಪಾಯವಾಗಿ ತಪ್ಪಿಸಿಕೊಳ್ಳುವಂತಿಲ್ಲ. ಅಂಗಡಿಯವರಿಗೆ ‘ಮಿರರ್ ಮಾಡಿ ಕೊಡಿ’ ಎಂದು ಮೊದಲೇ ಹೇಳಬೇಕು.

ಉಲ್ಟಾ ಅಕ್ಷರವನ್ನು ಸಲೀಸಾಗಿ ಓದುವವರು ಹಿಂದೆ ಊರೂರಲ್ಲಿ ಇದ್ದರು, ಅಚ್ಚುಮೊಳೆ ಜೋಡಿಸುವ ಕಂಪೋಜಿಟರುಗಳು. ಹೊಳೆನರಸೀಪುರದಂಥ ಹೊಳೆದಂಡೆಯ ಊರಿನಲ್ಲೂ ಪ್ರೆಸ್ಸಿತ್ತು. ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು 1920ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ 1937ರಲ್ಲಿ ಅಲ್ಲಿಗೆ ಬಂದು ನೆಲೆಸಿತು. ಶಂಕರರ ಭಾಷ್ಯಗಳ ಕನ್ನಡ ಪುಸ್ತಕಗಳು ಹೊಳೆನರಸೀಪುರದ ವಿಳಾಸ ಹೊತ್ತು ನಾಡಿಗೆಲ್ಲ ಹೋದವು. ಮೊಳೆಯಚ್ಚಿನ ನ್ಯಾಯ ಜೆಲ್ಲಿಗೆ ನೇರ ವಿರುದ್ಧ. ಅಲ್ಲಿ ಎದ್ದು ನಿಂತದ್ದಕ್ಕೆ ಮಸಿ, ಮಸಿ ಹತ್ತಿದ್ದೇ ಅಕ್ಷರ. ಬಿಟ್ಟುಹೋದದ್ದು ಬರೀ ಅಂಚು.

ಏನನ್ನು ವರ್ಗಾಯಿಸಬೇಕು ಎನ್ನುವುದರಲ್ಲಿ ಒಂದು ಮುಜುಗರ ಎಲ್ಲರಿಗೂ ಎದುರಾಗುತ್ತದೆ. ಮದುವೆ ಕರೆಯೋಲೆಗಳನ್ನು ಗಣಪತಿ ಇದ್ದಾನೆಂದು ಎಸೆಯದೆ ಕೂಡಿಟ್ಟಿರುತ್ತೇವೆ. ಒಳ್ಳೆಯ ಗಟ್ಟಿ ಕಾಗದ, ಹಿಂಬದಿ ಖಾಲಿ. ಅಚ್ಚು ಎತ್ತಲು ಆ ಹಿಂಬದಿ ಬಹಳ ಚೆನ್ನ. ಮುಂಬದಿಯ ಗಣಪತಿಯನ್ನು ಜೆಲ್ಲಿಗೆ ಇಳಿಸಿದರೆ ಮಾತ್ರ ತೊಡಕು. ಅಚ್ಚು ಪೂರ್ತಿ ಬರದೆ ಅರ್ಧ ಸೊಂಡಿಲು ಹಲಗೆಯಲ್ಲಿ ಉಳಿದಾಗ ಅದನ್ನು ಬಟ್ಟೆಯಿಂದ ಒರೆಸಲು ಕೈ ಬರುವುದಿಲ್ಲ. ಆದ್ದರಿಂದ ದೇವರ ಪಟ ಬೇಡ, ಎಲೆ ಬಳ್ಳಿ ಮನುಷ್ಯರೇ ವಾಸಿ ಎನ್ನುವುದು ನನ್ನ ಪಾಲಿಸಿ. ಪತ್ರಿಕೆಯ ಫೋಟೊ ಇನ್ನೊಬ್ಬರ ದುಡಿಮೆ ಎನ್ನುವುದನ್ನೂ ನೆನಪಿಡಿ. ಮನೆಯ ಗೋಡೆಗೆ ಸರಿ, ಮಾರಾಟಕ್ಕಿಡುವುದಾದರೆ ನಿಮ್ಮದೇ ಫೋಟೊದಿಂದ ಮಾಡಿ.

ಕೊನೆಗೆ ತೊಳೆಯುವ ಕೆಲಸ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್, ಅದನ್ನು ಸಿಂಕಿಗೋ ಹಿತ್ತಲಿನ ಗಿಡದ ಬುಡಕ್ಕೋ ಬಿಡಬಾರದು. ಹಸಿಯಿದ್ದಾಗಲೇ ರದ್ದಿ ಕಾಗದಕ್ಕೆ ಒರೆಸಿ, ಉಳಿದದ್ದನ್ನು ಒದ್ದೆ ಬಟ್ಟೆಯಿಂದ ತೆಗೆಯಿರಿ. ಕೊಂಡ ಪ್ಲೇಟಿನಲ್ಲಿ ಒಣಗಿ ಕೂತ ಬಣ್ಣಕ್ಕೆ ಮಕ್ಕಳಿಗೆ ಹಚ್ಚುವ ಬೇಬಿ ಆಯಿಲ್ ನಾಲ್ಕು ಹನಿ ಸಾಕು. ಆಮೇಲೆ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಮಟ್ಟವಾಗಿ ಮಲಗಿಸಿಡಬೇಕು. ಮನೆಯಲ್ಲಿ ಮಾಡಿದ್ದು ಗೀರುಬಿದ್ದು, ಗುಂಡಿಬಿದ್ದು ಕೆಟ್ಟರೆ ಚಿಂತೆಯಿಲ್ಲ. ಚೂರು ಮಾಡಿ, ಬಿಸಿನೀರಿನ ಮೇಲೆ ಪಾತ್ರೆಯಿಟ್ಟು ಕರಗಿಸಿ, ಬಟ್ಟೆಯಲ್ಲಿ ಸೋಸಿ ಮತ್ತೆ ಸುರಿದರೆ ಹೊಸ ಹಲಗೆ. ಆ ಪಾತ್ರೆಯನ್ನು ಮಾತ್ರ ಅಡುಗೆಮನೆಗೆ ವಾಪಸ್ ತರಬೇಡಿ. ತಂದರೂ ಅದನ್ನು ಯಾರೂ ಒಳಕ್ಕೆ ಸೇರಿಸುವುದಿಲ್ಲ.